ಅಡಿಕೆ ತೋಟದ ತಂದೆ ತಾಯಿಗೆ ಷೆಂಗೆನ್ ವೀಸಾ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ

ನಾನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದೇನೆ. ತಂದೆ ತಾಯಿ ಶಿರಸಿಯ ಸಮೀಪ ಅಡಿಕೆ ತೋಟ ನೋಡಿಕೊಂಡಿದ್ದಾರೆ. ತಂದೆಯವರಿಗೆ 66, ತಾಯಿಯವರಿಗೆ 61 ವರ್ಷ. ಇಬ್ಬರೂ ಇದುವರೆಗೆ ವಿದೇಶಕ್ಕೆ ಹೋದವರಲ್ಲ. ಬರುವ ಮೇ ತಿಂಗಳಲ್ಲಿ ಅವರನ್ನು 12 ದಿನಗಳ ಮಟ್ಟಿಗೆ ಸ್ವಿಟ್ಜರ್ಲೆಂಡ್, ಇಟಲಿ ಮತ್ತು ಫ್ರಾನ್ಸಿಗೆ ಕರೆದುಕೊಂಡು ಹೋಗಬೇಕೆಂಬ ಆಸೆಯಿದೆ. ಖರ್ಚು ನನ್ನದು. ಆದರೆ ತಂದೆಯವರಿಗೆ ಸಂಬಳದ ಚೀಟಿಯಾಗಲಿ, ಐಟಿ ರಿಟರ್ನ್ ಆಗಲಿ ಇಲ್ಲ. ಯಾವ ದೇಶಕ್ಕೆ ಅರ್ಜಿ ಹಾಕಬೇಕು, ಕೃಷಿ ಆದಾಯವನ್ನು ಹೇಗೆ ತೋರಿಸಬೇಕು ಎಂಬುದನ್ನು ಸ್ವತಃ ಮಾಡಿ ನೋಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ತೀರ್ಥಹಳ್ಳಿಯಿಂದ

ನಿಮ್ಮ ಪ್ರಶ್ನೆ ಓದಿದಾಗ ನಮ್ಮ ಮನೆಯದೇ ವಿಷಯ ಎನಿಸಿತು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನನ್ನ ತಂದೆಯವರಿಗೂ ಮೂರೂವರೆ ಎಕರೆ ತೋಟ ಬಿಟ್ಟರೆ ಬೇರೆ ಆದಾಯವಿಲ್ಲ. 2024ರ ಸೆಪ್ಟೆಂಬರಿನಲ್ಲಿ ಇಬ್ಬರನ್ನೂ ಸ್ವಿಟ್ಜರ್ಲೆಂಡಿಗೆ ಕರೆದೊಯ್ದೆ.

ಯುರೋಪಿನ ಷೆಂಗೆನ್ ವಲಯದ 29 ದೇಶಗಳಿಗೆ ಒಂದೇ ವೀಸಾ ಸಾಕು, ಆದರೆ ಅರ್ಜಿಯನ್ನು ಹೆಚ್ಚು ದಿನ ಉಳಿಯುವ ದೇಶಕ್ಕೇ ಸಲ್ಲಿಸಬೇಕು. ಎರಡು ದೇಶಗಳಲ್ಲಿ ಸಮಸಮವಾಗಿ ಉಳಿಯುವುದಾದರೆ ಮೊದಲು ಕಾಲಿಡುವ ದೇಶಕ್ಕೆ. ಹೀಗಾಗಿ ಮೊದಲು ಯಾವ ಊರಿನಲ್ಲಿ ಎಷ್ಟು ರಾತ್ರಿ ಎಂಬುದನ್ನು ಹಾಳೆಯ ಮೇಲೆ ಬರೆದು ನಿರ್ಧರಿಸಿಕೊಳ್ಳಿ, ಆಮೇಲೆ ದೇಶ ತಾನಾಗಿಯೇ ಗೊತ್ತಾಗುತ್ತದೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮುಂಚೆಯಂತೂ ಹಾಕಿರಲೇಬೇಕು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನದವರೆಗೂ ತೆಗೆದುಕೊಳ್ಳುತ್ತಾರೆ. ಮೇ ತಿಂಗಳಿಗೆ ನೂಕುನುಗ್ಗಲು ಇರುವುದರಿಂದ ಜನವರಿಯಲ್ಲೇ ಅಪಾಯಿಂಟ್‌ಮೆಂಟ್ ನೋಡತೊಡಗಿ.

ಇನ್ನು ಆದಾಯದ ಮಾತು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ ಕಾರಣ ರಿಟರ್ನ್ ಇಲ್ಲದಿರುವುದು ಸಹಜ, ಅದನ್ನು ಮುಚ್ಚಿಡಬೇಕಾಗಿಲ್ಲ. ನಿಜವಾದ ತೊಡಕು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿದೆ. ಸಂಬಳದವರ ಖಾತೆಗೆ ತಿಂಗಳಿಗೊಮ್ಮೆ ಹಣ ಬೀಳುತ್ತದೆ. ನಾವು ಧಾರಣೆ ನೋಡಿಕೊಂಡು ವರ್ಷಕ್ಕೆ ಎರಡೋ ಮೂರೋ ಬಾರಿ ಅಡಿಕೆ ಕೊಡುವವರು. ನನ್ನ ತಂದೆಯವರ ಖಾತೆಯಲ್ಲಿ ನಾಲ್ಕು ತಿಂಗಳ ಕಾಲ ಗೊಬ್ಬರ, ಕೂಲಿ, ಕರೆಂಟ್ ಬಿಲ್ಲಿನ ಖರ್ಚು ಮಾತ್ರ ಇದ್ದು, ಅರ್ಜಿಗೆ ಮೂರು ವಾರ ಮುಂಚೆ ಒಂದೇ ದಿನ 3,80,000 ರೂಪಾಯಿ ಜಮೆಯಾಗಿತ್ತು. ಅಡಿಕೆಯ ವ್ಯವಹಾರ ಗೊತ್ತಿಲ್ಲದ ಅಧಿಕಾರಿಗೆ ಇದು ವೀಸಾಕ್ಕಾಗಿ ಯಾರಿಂದಲೋ ಕೈಗಡ ತಂದು ಹಾಕಿದ ಹಣದಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಅದಕ್ಕಾಗಿ ಸಹಕಾರ ಸಂಘದವರು ಕೊಟ್ಟ ಮಾರಾಟದ ಪಟ್ಟಿಯನ್ನು, ಅಂದರೆ ಚೀಲದ ಸಂಖ್ಯೆ, ತೂಕ, ದರ ಮತ್ತು ದಿನಾಂಕ ಇರುವ ಹಾಳೆಯನ್ನು, ಸ್ಟೇಟ್‌ಮೆಂಟಿನ ಹಿಂದೆಯೇ ಇಟ್ಟೆ. ಎರಡರಲ್ಲೂ ಆ ಮೊತ್ತದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದೆ. ಮೂರು ತಿಂಗಳ ಸ್ಟೇಟ್‌ಮೆಂಟ್ ಕೇಳಿದ್ದರೂ ಒಂದು ವರ್ಷದ್ದನ್ನೇ ಕೊಟ್ಟು, ಹಿಂದಿನ ವರ್ಷವೂ ಇದೇ ರೀತಿ ಹಣ ಬಂದದ್ದು ಕಾಣುವಂತೆ ಮಾಡಿದೆ. ಪಹಣಿ ಕನ್ನಡದಲ್ಲಿರುವುದರಿಂದ ಅದರ ಇಂಗ್ಲಿಷ್ ಅನುವಾದಕ್ಕೆ ನೋಟರಿ ಮಾಡಿಸಿ ಜೊತೆಗಿಟ್ಟೆ.

ಮುಖಪತ್ರದಲ್ಲಿ, ಅಂದರೆ ಅರ್ಜಿಯ ಜೊತೆ ಕೊಡುವ ಕವರಿಂಗ್ ಲೆಟರಿನಲ್ಲಿ, ತೋಟದ ಬಗ್ಗೆ ಒಂದು ಪ್ಯಾರಾ ತಪ್ಪದೆ ಬರೆಯಿರಿ. ಅರ್ಜಿದಾರರು ಮರಳಿ ಊರಿಗೆ ಬರುತ್ತಾರೆಯೇ ಎಂಬುದೇ ಅಧಿಕಾರಿಗಳ ಮುಖ್ಯ ಅನುಮಾನವಾಗಿರುತ್ತದೆ, ಅದಕ್ಕೆ ತೋಟಕ್ಕಿಂತ ಗಟ್ಟಿಯಾದ ಉತ್ತರ ಬೇಕೆಂದು ನನಗೆ ಅನಿಸುವುದಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಕೊಳೆರೋಗ ತಡೆಯಲು ಬೋರ್ಡೋ ಮಿಶ್ರಣ ಸಿಂಪಡಿಸಬೇಕು, ಅಷ್ಟರೊಳಗೆ ತಂದೆಯವರು ಊರಿನಲ್ಲಿರಬೇಕು ಎಂಬುದನ್ನು ಸರಳವಾಗಿ ಬರೆದರೆ ಸಾಕು. ಅದು ನಿಜವೂ ಹೌದು.

ಖರ್ಚು ನಿಮ್ಮದಾದ್ದರಿಂದ ನಿಮ್ಮ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಐಟಿ ರಿಟರ್ನ್, ಕಚೇರಿಯ ರಜೆ ಪತ್ರ ಮತ್ತು ಖರ್ಚು ವಹಿಸುವ ಬಗ್ಗೆ ನಿಮ್ಮ ಪತ್ರ ಅವರ ಅರ್ಜಿಗಳಲ್ಲಿಯೂ ಇರಲಿ. ನಿಮ್ಮ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆ ತಾಯಿಯ ಹೆಸರಿರುತ್ತದೆ, ಅದರ ಪ್ರತಿಯೂ ಸಂಬಂಧಕ್ಕೆ ಆಧಾರವಾಗುತ್ತದೆ. ಹೆಸರುಗಳನ್ನು ಮಾತ್ರ ಇವತ್ತೇ ತಾಳೆ ನೋಡಿ. ನಮ್ಮ ತಾಯಿಯವರ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿತ್ತು, ಬ್ಯಾಂಕಿನಲ್ಲಿ ಬರೀ ಒಂದಕ್ಷರವಿತ್ತು. ಎರಡೂ ಒಬ್ಬರದೇ ಹೆಸರು ಎಂದು ಅಫಿಡವಿಟ್ ಮಾಡಿಸಬೇಕಾಯಿತು.

ಇನ್ನೊಂದು ಸಣ್ಣ ಸಂಗತಿ. ಅರ್ಜಿ ಸಲ್ಲಿಸುವ ವೀಸಾ ಕೇಂದ್ರದಲ್ಲಿ ಹತ್ತೂ ಬೆರಳಿನ ಗುರುತು ತೆಗೆದುಕೊಳ್ಳುತ್ತಾರೆ. ವರ್ಷಗಟ್ಟಲೆ ಅಡಿಕೆ ಸುಲಿದ ತಾಯಿಯವರ ಬೆರಳಿನ ತುದಿ ಸವೆದಿದ್ದು, ಯಂತ್ರ ನಾಲ್ಕು ಸಲ ಒಪ್ಪಲಿಲ್ಲ. ಅವರು ಗಾಬರಿಯಾಗಿ ನನ್ನ ಮುಖ ನೋಡಿದರು. ಅಲ್ಲಿನ ಹುಡುಗಿ ಒದ್ದೆ ಕಾಗದದಿಂದ ಒಂದೊಂದೇ ಬೆರಳು ಒರೆಸಿ, ‘ಅಮ್ಮಾ, ನಿಧಾನವಾಗಿ ಒತ್ತಿ’ ಎಂದು ಹೇಳಿ ಐದನೆಯ ಸಲಕ್ಕೆ ಮುಗಿಸಿದಳು. ಒಂದು ವಾರ ಮುಂಚಿನಿಂದ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲು ತಾಯಿಯವರಿಗೆ ಹೇಳಿ, ಕೇಂದ್ರಕ್ಕೆ ಹೋಗುವ ದಿನ ಮಾತ್ರ ಚೆನ್ನಾಗಿ ತೊಳೆದುಕೊಳ್ಳಲಿ.

ಮೈಸೂರಿನಿಂದ

ಮೇಲಿನವರು ಹೇಳಿದ ‘ಹೆಚ್ಚು ದಿನ ಉಳಿಯುವ ದೇಶ’ ಎಂಬ ಮಾತನ್ನು ಹಗುರವಾಗಿ ತೆಗೆದುಕೊಂಡು ನಾವು ಪೆಟ್ಟು ತಿಂದಿದ್ದೇವೆ. ನಾವು ನಿವೃತ್ತ ದಂಪತಿ, ಪಿಂಚಣಿ ಇದೆ, ಕಾಗದಪತ್ರಗಳಿಗೆ ಕೊರತೆಯಿರಲಿಲ್ಲ. ನಾವು ನಂಬಿದ ಏಜೆಂಟರು, ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ, ನಾವು ಎರಡೇ ರಾತ್ರಿ ಇರಲಿದ್ದ ದೇಶಕ್ಕೆ ಅರ್ಜಿ ಹಾಕಿಸಿದರು. ಅಲ್ಲಿ ಆರು ರಾತ್ರಿ ತಂಗುವಂತೆ ಹೋಟೆಲ್ ಕಾಯ್ದಿರಿಸಿ, ಅರ್ಜಿ ಸಲ್ಲಿಸಿದ ಮೂರನೆಯ ದಿನವೇ ರದ್ದು ಮಾಡಿದರು. ನಮಗೆ ಇದು ತಿಳಿದದ್ದು ವೀಸಾ ನಿರಾಕರಣೆಯಾದ ಮೇಲೆ. ಪಾಸ್‌ಪೋರ್ಟಿನ ಜೊತೆ ಬಂದ ಅಚ್ಚಿನ ಹಾಳೆಯಲ್ಲಿ ಕಾರಣಗಳ ಸಾಲಿನ ನಡುವೆ ಒಂದೇ ಚೌಕಕ್ಕೆ ಗುರುತು ಇತ್ತು: ಪ್ರವಾಸದ ಉದ್ದೇಶ ಮತ್ತು ವಾಸ್ತವ್ಯದ ಬಗ್ಗೆ ಕೊಟ್ಟ ಮಾಹಿತಿ ನಂಬಲರ್ಹವಲ್ಲ. ನಲವತ್ತು ವರ್ಷ ಪ್ರಾಮಾಣಿಕವಾಗಿ ನೌಕರಿ ಮಾಡಿದವರಿಗೆ ಆ ಒಂದು ಸಾಲು ಓದುವುದು ಬಹಳ ಕಷ್ಟವಾಯಿತು.

ಶುಲ್ಕ ಮರಳುವುದಿಲ್ಲ. ದೊಡ್ಡವರಿಗೆ 2024ರ ಜೂನ್ 11ರಿಂದ 90 ಯೂರೋ ಆಗಿದೆ, ವೀಸಾ ಕೇಂದ್ರದ ಸೇವಾ ಶುಲ್ಕ ಬೇರೆ. ಮೇಲ್ಮನವಿಗೆ ಅವಕಾಶವಿದ್ದರೂ ನಾವು ಮರುವರ್ಷ ಹೊಸದಾಗಿ, ಸರಿಯಾದ ದೇಶಕ್ಕೆ ಅರ್ಜಿ ಹಾಕಿದೆವು. ಹಿಂದೆ ನಿರಾಕರಣೆಯಾದದ್ದನ್ನೂ ಅದರ ಕಾರಣವನ್ನೂ ಮುಖಪತ್ರದಲ್ಲಿ ನಾವೇ ಬರೆದೆವು. ವೀಸಾ ಬಂತು. ಆದ್ದರಿಂದ ಏಜೆಂಟರ ನೆರವು ಪಡೆದರೂ ಅರ್ಜಿಯ ಪ್ರತಿ ಸಾಲನ್ನು ನೀವೇ ಓದಿ ಸಹಿ ಮಾಡಿಸಿ.

ವಿಮೆಯ ವಿಷಯದಲ್ಲಿ ಕನಿಷ್ಠ 30,000 ಯೂರೋ ಮೊತ್ತದ ಪಾಲಿಸಿ ಬೇಕು, ಅದು ಷೆಂಗೆನ್ ವಲಯದಲ್ಲಿರುವ ಎಲ್ಲ ದಿನಗಳಿಗೂ ಅನ್ವಯಿಸಬೇಕು. ತಂದೆಯವರಿಗೆ ಬಿಪಿ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಹೇಳಿಯೇ ಪಾಲಿಸಿ ಮಾಡಿಸಿ. ಮೊದಲೇ ಇದ್ದ ಕಾಯಿಲೆಗೆ ಎಷ್ಟರಮಟ್ಟಿಗೆ ಹಣ ಕೊಡುತ್ತಾರೆಂಬುದನ್ನು ಓದಿ ನೋಡಿ.

ಹುಬ್ಬಳ್ಳಿಯಿಂದ

ವೀಸಾ ಕೈಗೆ ಬಂದ ಮೇಲೆ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಆ ಚೀಟಿಯನ್ನು ಸರಿಯಾಗಿ ಓದಿಕೊಳ್ಳಬೇಕು ಎಂಬುದಷ್ಟೇ ನನ್ನ ಸೇರ್ಪಡೆ. ಅದರಲ್ಲಿ ಎರಡು ದಿನಾಂಕಗಳ ಜೊತೆ, ಎಷ್ಟು ದಿನ ಉಳಿಯಬಹುದು ಎಂಬುದು ಬೇರೆಯಾಗಿ ಇರುತ್ತದೆ. ದಿನಾಂಕಗಳ ನಡುವೆ ಒಂದು ತಿಂಗಳ ಅಂತರವಿದ್ದರೂ 15 ದಿನ ಎಂದು ಬರೆದಿದ್ದರೆ 15 ದಿನ ಮಾತ್ರ. ಪ್ರವೇಶದ ಸಂಖ್ಯೆ ಒಂದು ಎಂದಿದ್ದರೆ ಪ್ಯಾರಿಸಿನಿಂದ ಲಂಡನ್ನಿಗೆ ಹೋಗಿ ಮತ್ತೆ ಪ್ಯಾರಿಸಿಗೆ ಬರುವಂತಿಲ್ಲ. ಬ್ರಿಟನ್ ಷೆಂಗೆನ್ ವಲಯದಲ್ಲಿಲ್ಲ, ಅಲ್ಲಿಗೆ ಹೇಗೂ ಪ್ರತ್ಯೇಕ ವೀಸಾ ಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಸ್ವಿಟ್ಜರ್ಲೆಂಡಿನಲ್ಲಿ ಆರು ರಾತ್ರಿ, ಇಟಲಿ ಮತ್ತು ಫ್ರಾನ್ಸಿನಲ್ಲಿ ಮೂರು ಮೂರು ಎಂದು ಬರೆದುಕೊಂಡಿದ್ದೇನೆ. ತಾಯಿಯವರ ಹೆಸರಿನಲ್ಲಿ ಬೇರೆ ಬ್ಯಾಂಕ್ ಖಾತೆ ಇಲ್ಲ. ಈಗ ತೆರೆದು ಅದಕ್ಕೆ ಹಣ ಹಾಕಬೇಕೇ?

ತೀರ್ಥಹಳ್ಳಿಯಿಂದ

ಖಂಡಿತ ಬೇಡ. ಈಗ ಖಾತೆ ತೆರೆದು ಹಣ ತುಂಬಿಸಿದರೆ ಇಲ್ಲದ ಪ್ರಶ್ನೆಯನ್ನು ನಾವೇ ಹುಟ್ಟಿಸಿದಂತಾಗುತ್ತದೆ. ತಾಯಿಯವರು ಗೃಹಿಣಿ, ಮನೆಯ ಆದಾಯವೆಲ್ಲ ತಂದೆಯವರ ಖಾತೆಯಲ್ಲಿದೆ ಎಂದು ಮುಖಪತ್ರದಲ್ಲಿ ಬರೆದು, ತಂದೆಯವರ ಮತ್ತು ನಿಮ್ಮ ಸ್ಟೇಟ್‌ಮೆಂಟಿನ ಪ್ರತಿಯನ್ನು ಅವರ ಅರ್ಜಿಗೂ ಲಗತ್ತಿಸಿ. ನಾವು ಮಾಡಿದ್ದೂ ಅದನ್ನೇ. ಹಳೆಯ ಮದುವೆಯಾದ್ದರಿಂದ ನೋಂದಣಿ ಪತ್ರ ಇರಲಿಕ್ಕಿಲ್ಲ. ಇಬ್ಬರ ಪಾಸ್‌ಪೋರ್ಟಿನಲ್ಲೂ ಪತಿ-ಪತ್ನಿಯ ಹೆಸರು ಸರಿಯಾಗಿ ನಮೂದಾಗಿದೆಯೇ ಎಂದು ಈ ಸಲ ಊರಿಗೆ ಹೋದಾಗ ನೋಡಿಕೊಂಡು ಬನ್ನಿ. ಇಲ್ಲದಿದ್ದರೆ ಅದನ್ನು ಸರಿಪಡಿಸಲು ಇನ್ನೂ ಸಮಯವಿದೆ.