ದೂರ ಗೊತ್ತಿದ್ದರೆ ವಿಮಾನ ಹಾರುವ ಸಮಯ ಲೆಕ್ಕ ಹಾಕೋದು ಹೇಗೆ?

ಪ್ರಶ್ನೆ: ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಇದೆ. ದೂರವನ್ನು ಗಂಟೆಗೆ 850 ಕಿ.ಮೀ. ವೇಗದಿಂದ ಭಾಗಿಸಿದರೆ ಟಿಕೆಟ್‌ನಲ್ಲಿರುವುದಕ್ಕಿಂತ ಕಡಿಮೆ ಸಮಯ ಬರುತ್ತಿದೆ. ಯಾಕೆ?

ಉತ್ತರ 1: ದೂರಕ್ಕೆ ಹ್ಯಾವರ್ಸೈನ್ ಸೂತ್ರ (ಗೋಳದ ಮೇಲಿನ ಎರಡು ಸ್ಥಳಗಳ ನಡುವಿನ ಅತಿ ಕಡಿಮೆ ದೂರ ಕೊಡುವ ಸೂತ್ರ) ಬಳಸಿ, ಭೂಮಿಯ ತ್ರಿಜ್ಯ 6371 ಕಿ.ಮೀ. ಡಿಗ್ರಿಯನ್ನು ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ಗೆ ಬದಲಿಸದಿದ್ದರೆ ಲೆಕ್ಕ ಪೂರ್ತಿ ಕೆಡುತ್ತದೆ. ಏರಿಕೆ, ಇಳಿಕೆಯಲ್ಲಿ ವೇಗ ಕಡಿಮೆ, ಅದಕ್ಕೆ ಸುಮಾರು 30 ನಿಮಿಷ ಸೇರಿಸಿ: 1700 ಕಿ.ಮೀ.ಗೆ ಎರಡಲ್ಲ, ಎರಡೂವರೆ ಗಂಟೆ. ಟಿಕೆಟ್‌ನ ಸಮಯ ಗೇಟಿನಿಂದ ಗೇಟಿಗೆ. ರನ್‌ವೇವರೆಗಿನ ಓಡಾಟವೂ ಅದರಲ್ಲೇ ಬಂತು.

ಉತ್ತರ 2: ಗಾಳಿಯನ್ನು ಬಿಡಲೇಬೇಡಿ. ಜೆಟ್ ಸ್ಟ್ರೀಮ್ (ತುಂಬಾ ಎತ್ತರದಲ್ಲಿ ಬೀಸುವ ವೇಗದ ಗಾಳಿ) ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಗಂಟೆಗೆ 100 ಕಿ.ಮೀ. ಎದುರುಗಾಳಿಯಿದ್ದರೆ 6000 ಕಿ.ಮೀ.ಗೆ 8 ಗಂಟೆ, ಅದೇ ಗಾಳಿ ಹಿಂದಿನಿಂದ ಬಂದರೆ ಸುಮಾರು 6 ಗಂಟೆ 20 ನಿಮಿಷ.

ಉತ್ತರ 3: ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರದ ಸಮಯ ಇರುತ್ತದೆ. ಹೊರಡುವ, ತಲುಪುವ ಸಮಯ ಎರಡನ್ನೂ ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ತಂದು ಆಮೇಲೆ ಕಳೆಯಿರಿ.