ಪದಚರ್ಚೆ: ‘ಝೊಂಗೊ’ ಎಂಬುದಕ್ಕೆ ಕನ್ನಡದಲ್ಲಿ ಏನು? (ಇಂದು ಸಂಜೆಯೊಳಗೆ ಬೇಕು)

ಬಲ್ಲವರಿಗೆ ನಮಸ್ಕಾರ. ಘಾನಾದ ರ‍್ಯಾಪರ್ ಬ್ಲ್ಯಾಕ್ ಶೆರಿಫ್ ಕುರಿತ ಲೇಖನವೊಂದನ್ನು ಪುರವಣಿಗಾಗಿ ಅನುವಾದಿಸುತ್ತಿದ್ದೇನೆ. ಕುಮಾಸಿಯಿಂದ ಅಕ್ರಾಕ್ಕೆ ಹೋಗುವ ದಾರಿಯಲ್ಲಿರುವ ಚಿನ್ನದ ಗಣಿಯ ಊರು ಕೊನೊಂಗೊ. ಶೆರಿಫ್ ಅಲ್ಲಿನ ಝೊಂಗೊದ ಹುಡುಗ. 2021ರಲ್ಲಿ ‘ಫಸ್ಟ್ ಸರ್ಮನ್’, ‘ಸೆಕೆಂಡ್ ಸರ್ಮನ್’ ಹಾಡುಗಳಿಂದ ಹೆಸರಾದ. ಎರಡನೆಯದಕ್ಕೆ ನೈಜೀರಿಯಾದ ಬರ್ನಾ ಬಾಯ್ ದನಿಗೂಡಿಸಿದ ಮೇಲೆ ದೇಶದ ಗಡಿಯನ್ನೂ ದಾಟಿದ. 2023ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಘಾನಾ ಸಂಗೀತ ಪ್ರಶಸ್ತಿಗಳಲ್ಲಿ ವರ್ಷದ ಕಲಾವಿದನಾದ.

ಉತ್ತರದಿಂದ ವ್ಯಾಪಾರಕ್ಕೆಂದು ಬಂದ ಹೌಸಾ ಮೊದಲಾದ ಮುಸ್ಲಿಮರು ನೆಲೆನಿಂತ ಬಡಾವಣೆ ಝೊಂಗೊ. ಮೂಲ ಹೌಸಾದ ‘ಝಾಂಗೊ’, ವರ್ತಕರ ತಂಡ ತಂಗುವ ಜಾಗ. ‘ಕೊಳೆಗೇರಿಯಿಂದ ಕೀರ್ತಿಗೆ’ ಎಂದು ಶೀರ್ಷಿಕೆ ಕೊಡಿ ಎನ್ನುತ್ತಿದ್ದಾರೆ ಪುರವಣಿಯವರು. ನನಗೆ ಮನಸ್ಸೊಪ್ಪುತ್ತಿಲ್ಲ.

*

ಕೊಳೆಗೇರಿ ಬೇಡವೇ ಬೇಡ. ಪರಸ್ಥಳದವರು ಇದ್ದ ಮಾತ್ರಕ್ಕೆ ಜಾಗ ಕೊಳೆಯಾಗುವುದಿಲ್ಲ. ‘ಪಾಳ್ಯ’ ಎನ್ನಿ. ಪಾಳೆಯವೂ ಬೀಡುಬಿಟ್ಟ ಜಾಗವೇ, ಆಮೇಲೆ ಬಡಾವಣೆಯ ಹೆಸರಾಯಿತು. ಝಾಂಗೊ ಝೊಂಗೊ ಆದ ದಾರಿಯೂ ಅದೇ.

*

> ‘ಪಾಳ್ಯ’ ಎನ್ನಿ

ಪಾಳೆಯ ಇಳಿಸುವುದು ದಂಡು, ವರ್ತಕರಲ್ಲ. ಕೋಲಾ ಕಾಯಿಯ ವ್ಯಾಪಾರಕ್ಕೆ ಬಂದವರ ಕೈಗೆ ಕತ್ತಿ ಕೊಡಬೇಡಿ. ಮಸೀದಿ, ಸಂತೆ, ಹಲವು ಭಾಷೆ ಎಲ್ಲವೂ ಇರುವ ಜಾಗಕ್ಕೆ ಮೈಸೂರಿನವರ ಬಾಯಲ್ಲಿ ಸಿದ್ಧ ಪದವಿದೆ: ಮೊಹಲ್ಲಾ.

*

ಮೊಹಲ್ಲಾ ಅರಬ್ಬಿ. ಹೌಸಾ ಪದ ತೆಗೆದು ಅರಬ್ಬಿ ಪದ ಕೂರಿಸುವುದು ಅನುವಾದವೇ? ‘ಹೊರಕೇರಿ’ ಸಾಕು. ಮೊದಲು ಆ ಝಕಾರವನ್ನು ಬಿಡಿ, ನಮ್ಮ ನಾಲಿಗೆಗೆ ಅದು ‘ಜೊಂಗೊ’. ರ‍್ಯಾಪರ್ ಎಂಬುದೂ ಏಕೆ? ‘ನುಡಿಗಾರ’ ಎನ್ನಬಹುದು. ಆ ಕುಮಾಸಿಯ ಹುಡುಗರನ್ನೇ ನೋಡಿ. ಚಿಕಾಗೊದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದ ಡ್ರಿಲ್ ಎಂಬ ರ‍್ಯಾಪ್ ಶೈಲಿ ಕೈಗೆ ಬಂದಾಗ ‘ಅಸಾಕಾ’ ಎಂದು ತಮ್ಮದೇ ಹೆಸರಿಟ್ಟರು. ಅಲ್ಲಿನ ಟ್ವಿ ಭಾಷೆಯಲ್ಲಿ ‘ಕಸ’ ಎಂದರೆ ಮಾತನಾಡು (ನಗಬೇಡಿ), ಅದನ್ನೇ ತಿರುವುಮುರುವು ಮಾಡಿದ್ದು. ಅವರಿಗಿರುವ ಛಲ ನಮಗಿಲ್ಲ.

*

> ‘ಹೊರಕೇರಿ’ ಸಾಕು

ಊರ ಹೊರಗಿನ ಕೇರಿ ಎಂದೊಡನೆ ಕನ್ನಡದ ಓದುಗರಿಗೆ ಕಾಣುವುದು ಜಾತಿ. ಝೊಂಗೊದ ಕಥೆ ಅದಲ್ಲ. ತಾವು ಮೆಚ್ಚಿದ ಕುಮಾಸಿಯ ಹುಡುಗರು ಅಸಾಕಾ ಎಂದರು, ಜೊತೆಗೆ ಡ್ರಿಲ್ ಎಂಬುದನ್ನೂ ಬಿಡಲಿಲ್ಲ. ಶೆರಿಫ್ ಹಾಡುವುದು ಟ್ವಿಯ ಜೊತೆಗೆ ಘಾನಾದ ಪಿಜಿನ್ ಎಂಬ ಬೆರಕೆ ಇಂಗ್ಲಿಷ್ ಸೇರಿಸಿ. ಅವನನ್ನು ಶುದ್ಧ ಭಾಷೆಯ ಪರ ಸಾಕ್ಷಿಗೆ ಕರೆದರೆ ಕೇಸು ಬಿದ್ದುಹೋಗುತ್ತದೆ. ಇನ್ನು ‘ನುಡಿಗಾರ’ ಎಂದರೆ ಜನ ಅವನನ್ನು ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಗೆ ಕರೆದಾರು.

*

ಛಲವಿಲ್ಲದವರು ಗೇಲಿ ಮಾಡುತ್ತಾರೆ. ನೂರು ವರ್ಷದ ಹಿಂದೆ ‘ಬರಹಗಾರ’ ಎಂದಾಗಲೂ ನಕ್ಕಿರಬೇಕು.

*

ಅಯ್ಯಾ, ನನಗೆ ಆರು ಗಂಟೆಗೆ ಪುಟ ಕೊಡಬೇಕು. ‘ಝೊಂಗೊ ಹುಡುಗನ ಜಗದಗಲ ದನಿ’ ಎಂದು ಶೀರ್ಷಿಕೆ ಇಟ್ಟು, ‘ವಲಸೆ ವರ್ತಕರ ಬಿಡಾರಗಳು ಬೆಳೆದು ಆದ ಬಡಾವಣೆ’ ಎಂಬ ವಿವರಣೆಯನ್ನು ಮೊದಲ ಪ್ಯಾರಾದಲ್ಲೇ ಹಾಕಿದ್ದೇನೆ. ರ‍್ಯಾಪರ್ ರ‍್ಯಾಪರ್ ಆಗಿಯೇ ಉಳಿದಿದ್ದಾನೆ. ಇನ್ನೊಂದು ಸಂದೇಹ: 2022ರ ‘ಕ್ವಾಕು ದ ಟ್ರಾವೆಲರ್’ ಹಾಡಿನ ಹೆಸರನ್ನು ಕನ್ನಡಿಸಬಹುದೇ?

*

‘ಕ್ವಾಕು’ ಮುಟ್ಟಬೇಡಿ. ಟ್ವಿ ಆಡುವ ಘಾನಾದ ಅಕನ್ ಜನರಲ್ಲಿ ಬುಧವಾರ ಹುಟ್ಟಿದ ಗಂಡುಮಗುವಿನ ಹೆಸರು ಅದು. ಇವನು ಹುಟ್ಟಿದ್ದು 2002ರ ಜನವರಿ 9, ಪಂಚಾಂಗ ತೆಗೆದು ನೋಡಿ, ಬುಧವಾರವೇ. ಮೊಹಮ್ಮದ್ ಇಸ್ಮಾಯಿಲ್ ಶೆರಿಫ್ ಎಂಬ ಹೆಸರಿನ ಹುಡುಗ ಹಾಡಿನಲ್ಲಿ ಕ್ವಾಕು ಆಗುತ್ತಾನೆ. ಝೊಂಗೊದ ಬಗ್ಗೆ ನಾವು ಇಷ್ಟು ಹೊತ್ತು ಜಗಳವಾಡಿದ್ದಕ್ಕಿಂತ ಹೆಚ್ಚು ವಿಷಯ ಅದರಲ್ಲಿದೆ. ಟ್ರಾವೆಲರ್‌ಗೆ ಬೇಕಿದ್ದರೆ ‘ಪಯಣಿಗ’ ಎನ್ನಿ. ಪಯಣ ಎಂಬುದು ಪ್ರಯಾಣದ ತದ್ಭವ ಎಂದು ಯಾರಾದರೂ ಬರೆಯುವ ಮುನ್ನ ಪುಟ ಕಳುಹಿಸಿಬಿಡಿ.