ಕಾರ್ಡಿಸ್ಟ್ರಿಯಲ್ಲಿ ಸ್ವಂತ ಕಟ್ ರೂಪಿಸಿದವರು ಅನುಭವ ತಿಳಿಸುವಿರಾ?

ಪ್ರಶ್ನೆ: ಆರು ತಿಂಗಳಿಂದ ವಿಡಿಯೋ ನೋಡಿ ಕಾರ್ಡಿಸ್ಟ್ರಿ, ಅಂದರೆ ಇಸ್ಪೀಟು ಎಲೆಗಳನ್ನು ಕೈಯಲ್ಲಿ ಚಂದವಾಗಿ ಆಡಿಸುವ ಕಲೆ, ಕಲಿಯುತ್ತಿದ್ದೇನೆ; ಅದರಲ್ಲೂ ಎಲೆಗಳ ಕಟ್ಟನ್ನು ಪಾಲು ಮಾಡಿ ತಿರುಗಿಸಿ ಮತ್ತೆ ಸೇರಿಸುವ ಕಟ್‌ಗಳನ್ನು. ಒಂದೇ ಕೈಯ ಚಾರ್ಲಿಯರ್ ಕಟ್ ಸರಾಗವಾಗಿ ಬರುತ್ತದೆ. ಎರಡು ಕೈಗಳ ಸಿಬಿಲ್ ಎಂಬ ಕಟ್‌ನಲ್ಲಿ ಮಾತ್ರ ನಡುವಿನ ಪ್ಯಾಕೆಟ್ (ಎಲೆಗಳ ಪಾಲು) ಪದೇ ಪದೇ ಜಾರಿ ಬೀಳುತ್ತದೆ. ನನ್ನದೇ ಆದ ಒಂದು ಕಟ್ ರೂಪಿಸುವ ಆಸೆಯಿದೆ. ಆದರೆ ಎಷ್ಟು ಪ್ರಯತ್ನಿಸಿದರೂ ಎಲ್ಲೋ ನೋಡಿದ್ದೇ ಕೈಗೆ ಮರಳಿ ಬರುತ್ತದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ ಒಬ್ಬರು: ನಾನು ಒಂಬತ್ತು ವರ್ಷಗಳಿಂದ ಇದನ್ನು ಅಭ್ಯಾಸ ಮಾಡುತ್ತಿದ್ದೇನೆ. ನನ್ನ ಕೈಯಲ್ಲೂ ಸಿಬಿಲ್‌ನ ನಡುವಿನ ಪ್ಯಾಕೆಟ್ ಬಹುಕಾಲ ಬೀಳುತ್ತಿತ್ತು. ತಪ್ಪು ಬೀಳುವ ಜಾಗದಲ್ಲಿ ಇರಲಿಲ್ಲ, ಅದಕ್ಕೂ ಮೊದಲಿನ ಹಂತದಲ್ಲಿತ್ತು: ಆರಂಭದಲ್ಲಿ ಎಲೆಗಳ ಕಟ್ಟನ್ನು ಅಳತೆಯಿಲ್ಲದೆ ಒಡೆಯುತ್ತಿದ್ದುದರಿಂದ ನಡುವೆ ಐದಾರು ಎಲೆಗಳಷ್ಟೇ ಉಳಿದು, ಅಷ್ಟು ತೆಳುವಾದ ಪ್ಯಾಕೆಟ್ ಬೆರಳಿನ ಒತ್ತಡಕ್ಕೆ ಬಾಗಿ ಜಾರುತ್ತಿತ್ತು. 52 ಎಲೆಗಳನ್ನು ಹೆಚ್ಚುಕಡಿಮೆ ಸಮನಾಗಿ ಮೂರು ಪಾಲು ಮಾಡುವುದನ್ನಷ್ಟೇ ಎರಡು ವಾರ ಅಭ್ಯಾಸ ಮಾಡಿದೆ. ಆಮೇಲೆ ಪ್ರತಿ ಹಂತದಲ್ಲೂ ಕೈಯನ್ನು ನಿಲ್ಲಿಸಿ, ಮನಸ್ಸಿನಲ್ಲಿ ಐದು ಎಣಿಸಿ, ಮುಂದಿನ ಹಂತಕ್ಕೆ ಹೋಗುವ ರೂಢಿ ಮಾಡಿಕೊಂಡೆ. ನಿಂತಾಗ ಅಲುಗದ ಪ್ಯಾಕೆಟ್ ಚಲಿಸುವಾಗಲೂ ಬೀಳುವುದಿಲ್ಲ.

ಹೊಸ ಕಟ್ ಹುಟ್ಟುವುದೂ ಈ ನಿಲುಗಡೆಗಳಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮಗೆ ಒಲಿದಿರುವ ಚಾರ್ಲಿಯರ್ ಕಟ್ ಅನ್ನೇ ತೆಗೆದುಕೊಳ್ಳಿ. ಎಲೆಗಳ ಕಟ್ಟನ್ನು ಅಂಗೈಗೆ ತಾಗದಂತೆ ಬೆರಳ ತುದಿಗಳಲ್ಲಿ ಹಿಡಿದು ಹೆಬ್ಬೆರಳನ್ನು ತುಸು ಸಡಿಲಿಸಿದಾಗ ಕೆಳಗಿನ ಅರ್ಧ ಅಂಗೈಗೆ ಇಳಿಯುತ್ತದೆ, ತೋರುಬೆರಳು ಅದನ್ನು ಹೆಬ್ಬೆರಳಿನ ಕಡೆಗೆ ಎತ್ತುತ್ತದೆ, ಮೇಲಿನ ಅರ್ಧ ಅದರಡಿಗೆ ಜಾರಿಕೊಳ್ಳುತ್ತದೆ. ಕೆಳಗಿನ ಅರ್ಧ ಎದ್ದು ನಿಂತ ಕ್ಷಣದಲ್ಲಿ ಕೈಯನ್ನು ತಡೆದು ನೋಡಿದರೆ ಎರಡು ಪಾಲುಗಳು ತೆರೆದ ಪುಸ್ತಕದಂತೆ ಕೋನವಾಗಿ ನಿಂತಿರುತ್ತವೆ. ಅಲ್ಲಿ ಬಲಗೈಗೆ ಏನು ಸಾಧ್ಯ, ಯಾವ ಬೆರಳು ಬಿಡುವಾಗಿದೆ, ಯಾವ ಅಂಚು ಹಿಡಿತಕ್ಕೆ ಸಿಗುತ್ತದೆ ಎಂದು ಕೇಳಿಕೊಳ್ಳುತ್ತಾ ಹೋಗಿ. ನಾನು ಅಲ್ಲಿ ಮೇಲಿನ ಪ್ಯಾಕೆಟ್ಟನ್ನು ಬಲಗೈಗೆ ತೆಗೆದುಕೊಂಡು, ಅದನ್ನು ತಿರುಗಿಸಿ ಕೆಳಗಿನಿಂದ ಒಳಸೇರಿಸಲು ನೋಡಿದೆ. ನನ್ನ ಮೊದಲ ಕಟ್ ಹುಟ್ಟಿದ್ದು ಹಾಗೆ. ತೆರೆಯುವ ಭಾಗ ಒಂದು ಸಂಜೆಯಲ್ಲಿ ಸಿಕ್ಕಿತು, ಮುಚ್ಚುವ ಭಾಗಕ್ಕೆ ಮೂರು ತಿಂಗಳು ಹಿಡಿಯಿತು. ಹೊಸಬರ ಕಟ್‌ಗಳು ಸೋಲುವುದು ಇಲ್ಲಿಯೇ. ಆರು ಪ್ಯಾಕೆಟ್‌ಗಳನ್ನು ಹರಡಿ ಕೊನೆಗೆ ಎಲ್ಲವನ್ನೂ ಒಟ್ಟಿಗೆ ಒತ್ತಿಬಿಡುವುದಕ್ಕಿಂತ, ಮೂರೇ ಪ್ಯಾಕೆಟ್‌ಗಳು ಒಂದೊಂದಾಗಿ ತಮ್ಮ ಜಾಗ ಸೇರುವ ಕಟ್ ಕಣ್ಣಿಗೆ ಎಷ್ಟೋ ಚಂದ.

ನೋಡಿದ್ದೇ ಮರಳಿ ಬರುತ್ತದೆ ಎಂದು ದಯವಿಟ್ಟು ಕುಗ್ಗಬೇಡಿ. ಸಿಬಿಲ್ಲನ್ನು ಜಾದೂಗಾರ ಕ್ರಿಸ್ ಕೆನ್ನರ್ 1992ರಲ್ಲಿ ಪ್ರಕಟಿಸಿದರು. ಡ್ಯಾನ್ ಮತ್ತು ಡೇವ್ ಬಕ್ ಎಂಬ ಅವಳಿ ಸಹೋದರರು ಅದೇ ಬೀಜದಿಂದ ಇನ್ನೂ ಹೆಚ್ಚು ಪ್ಯಾಕೆಟ್‌ಗಳ ಕಟ್‌ಗಳನ್ನು ಬೆಳೆಸಿದರು. ಮೂಲ ಯಾರದೆಂದು ಹೇಳಿ ಮುಂದುವರಿದರೆ ಸಾಕು.

ಉಡುಪಿಯಿಂದ ಒಬ್ಬರು: ನಿಮ್ಮ ಎಲೆಗಳ ಬಗ್ಗೆ ನೀವು ಏನೂ ಹೇಳಿಲ್ಲ. ಪೂರ್ತಿ ಪ್ಲಾಸ್ಟಿಕ್ಕಿನ ಎಲೆಗಳಾಗಿದ್ದರೆ ಜಾರುವುದು ಕೈಯ ತಪ್ಪಲ್ಲ. ಬೈಸಿಕಲ್ ಬ್ರ್ಯಾಂಡಿನಂತಹ ಕಾಗದದ ಎಲೆಗಳ ಮೈಮೇಲೆ ಒತ್ತಿದ ಸಣ್ಣ ಸಣ್ಣ ಕುಳಿಗಳಿದ್ದು, ಅವುಗಳಲ್ಲಿ ಉಳಿಯುವ ಗಾಳಿಯಿಂದ ಎಲೆಯ ಮೇಲೆ ಎಲೆ ಹದವಾಗಿ ಸರಿಯುತ್ತದೆ. ಆದರೆ ಕಾಗದ ತೇವವನ್ನು ಹೀರುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಎಲೆಗಳು ಉಬ್ಬಿ ಅಂಟಿಕೊಂಡು, ಬೀಸಣಿಗೆಯಂತೆ ಹರಡುವ ಫ್ಯಾನ್ ತುಂಡುತುಂಡಾಗಿ ತೆರೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಎಲೆಗಳ ಕಟ್ಟನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಕೈ ಒರೆಸಿಕೊಂಡೇ ಹೊರತೆಗೆಯುತ್ತೇನೆ. ಮಂಚದ ಮುಂದೆ ನಿಂತು ಅಭ್ಯಾಸ ಮಾಡಿ, ಬಿದ್ದ ಎಲೆಗಳ ಮೂಲೆ ಮಡಚುವುದು ತಪ್ಪುತ್ತದೆ.

ಸಿಂಗಪುರದಿಂದ ಒಬ್ಬರು: ಮೈಸೂರಿನವರ ಮಾತನ್ನು ಬಹುಪಾಲು ಒಪ್ಪುತ್ತೇನೆ, ಆದರೆ ಬರೀ ನಿಧಾನಗತಿಯಲ್ಲಿ ಕಲಿತರೆ ಲಯ ಬರುವುದಿಲ್ಲ. ಎಲೆಗಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಚಿಮ್ಮಿಸುವ ಸ್ಪ್ರಿಂಗ್‌ನಂತಹ ಕೆಲವನ್ನು ನಿಧಾನವಾಗಿ ಮಾಡಲು ಸಾಧ್ಯವೇ ಇಲ್ಲ. ಹಂತಗಳು ಗಟ್ಟಿಯಾದ ಮೇಲೆ ಫೋನಿನಲ್ಲಿ ಚಿತ್ರೀಕರಿಸಿ, ಎದುರಿನವರ ಕಣ್ಣಿಗೆ ಅದು ಹೇಗೆ ಕಾಣುತ್ತದೆಂದು ನೋಡಿಕೊಳ್ಳಿ. ನಮ್ಮ ಕಡೆಯಿಂದ ಭವ್ಯವೆನಿಸುವ ತಿರುವು ಆ ಕಡೆಯಿಂದ ಬರೀ ಮುಷ್ಟಿಯಂತೆ ಕಾಣುವುದುಂಟು. ಇಲ್ಲಿನ ದಿ ವರ್ಟ್ಸ್ ತಂಡ 2012ರಲ್ಲಿ ವರ್ಚುಯೋಸೊ ಎಂಬ ಇಸ್ಪೀಟು ಎಲೆಗಳ ಕಟ್ಟನ್ನು ಆಟಕ್ಕೆಂದಲ್ಲ, ಕಾರ್ಡಿಸ್ಟ್ರಿಗೆಂದೇ ವಿನ್ಯಾಸಗೊಳಿಸಿತು. ಅದರ ಬೆನ್ನಿನ ಚಿತ್ರ ತಿರುಗುವಾಗ, ಹರಡಿದಾಗ ಹೇಗೆ ಕಾಣಬೇಕೆಂಬುದೇ ಅವರ ಲೆಕ್ಕ.

ಇನ್ನೊಂದು ಮಾತು: ಕೈಯಲ್ಲಿ ಇಸ್ಪೀಟು ಕಂಡರೆ ಜೂಜೆಂದು ಭಾವಿಸುವ ಹಿರಿಯರು ನಮ್ಮ ಮನೆಯಲ್ಲೂ ಇದ್ದರು. ನಾನು ವಾದಕ್ಕಿಳಿಯದೆ ಅಮ್ಮನ ಎದುರೇ ಕುಳಿತು ಅಭ್ಯಾಸ ಮಾಡಿದೆ. ಎಲ್ಲಿ ಕಟ್ ತಡವರಿಸುತ್ತದೆಂದು ಈಗ ಅವರೇ ಗುರುತಿಸುತ್ತಾರೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿ ಎಣಿಸಿ ನೋಡಿದೆ. ನನ್ನ ನಡುವಿನ ಪ್ಯಾಕೆಟ್‌ನಲ್ಲಿ ಏಳೇ ಎಲೆಗಳಿದ್ದವು. ಹದಿನೇಳರ ಆಸುಪಾಸಿಗೆ ತಂದಾಗ ಹತ್ತರಲ್ಲಿ ಆರು ಸಲ ನಿಂತಿತು. ಚಾರ್ಲಿಯರ್‌ನ ನಡುವೆ ತಡೆದಾಗ ಕಿರುಬೆರಳು ಸಂಪೂರ್ಣ ಬಿಡುವಾಗಿರುವುದು ಕಂಡಿತು. ಈ ವಾರ ಅಲ್ಲಿಂದಲೇ ಹುಡುಕುತ್ತೇನೆ.